ಸಂದಕ್‌ಫು ನಡಿಗೆಗೆ 18 ಕೆಜಿ 700 ಗ್ರಾಂ ಹೊರೆ: ಏನನ್ನು ಬಿಡಲಿ?

ಗಣಿತ ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 47, ಮೈತೂಕ 61 ಕೆಜಿ. ಈ ದಸರಾ ರಜೆಯಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಜಿಲ್ಲೆಗೆ ಹೋಗಿ, ಮಾನೇಭಂಜನ್‌ನಿಂದ ಸಿಂಗಾಲಿಲಾ ಬೆಟ್ಟಸಾಲನ್ನು ಹತ್ತಿ, ಸಂದಕ್‌ಫು ಮತ್ತು ಫಾಲುಟ್ ನೋಡಿಕೊಂಡು ಗೋರ್ಖೆಯ ಕಡೆಯಿಂದ ಇಳಿಯುವ ಆರು ದಿನಗಳ ನಡಿಗೆಯನ್ನು ಮಾಡಬೇಕೆಂದು ನಿಶ್ಚಯಿಸಿದ್ದೇವೆ. ಹೊರೆಯಾಳನ್ನು ಗೊತ್ತುಮಾಡಿಕೊಳ್ಳದೆ, ನಮ್ಮ ಚೀಲವನ್ನು ನಾವೇ ಹೊರಬೇಕೆಂಬುದು ನಮ್ಮ ಹಟ.

ದೂರ ನಡೆಯುವುದು ನನಗೆ ಹೊಸದಲ್ಲ. ಕೊಟ್ಟೂರಿನ ರಥೋತ್ಸವಕ್ಕೆ ಇಲ್ಲಿಂದ ಎರಡು ಸಲ ಪಾದಯಾತ್ರೆ ಹೋಗಿ ಬಂದಿದ್ದೇನೆ. ಆದರೆ ಆಗ ಹೆಗಲ ಮೇಲಿದ್ದದ್ದು ಒಂದು ಟವೆಲು, ಒಂದು ನೀರಿನ ಬಾಟಲಿ ಮಾತ್ರ. ಈ ಸಲ ಚೀಲ ಹೊತ್ತು ಅಭ್ಯಾಸ ಮಾಡೋಣವೆಂದು ಕಳೆದ ಭಾನುವಾರ ಚಿತ್ರದುರ್ಗಕ್ಕೆ ಹೋಗಿ, ಊರಿನಿಂದ ಜೋಗಿಮಟ್ಟಿಯವರೆಗೆ ನಡೆದೆವು. ಹತ್ತುವಾಗ ಉಸಿರು ಕಟ್ಟಿತು, ಅದು ನಿರೀಕ್ಷಿತವೇ. ಇಳಿಯುವಾಗ ಮಾತ್ರ ಎಡ ಮೊಣಕಾಲು ಒಂದೊಂದು ತಿರುವಿಗೂ ನೋಯತೊಡಗಿ, ಚಂದ್ರವಳ್ಳಿಯ ಹತ್ತಿರದ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತವನು ಅರ್ಧ ಗಂಟೆ ಏಳಲಾಗಲಿಲ್ಲ.

ಮರುದಿನ ಮಂಡಿಯಲ್ಲಿ ವ್ಯಾಪಾರ ಮಾಡುವ ಗೆಳೆಯರೊಬ್ಬರ ಮೆಕ್ಕೆಜೋಳದ ತಕ್ಕಡಿಯ ಮೇಲೆ ಚೀಲವನ್ನಿಟ್ಟಾಗ 18 ಕೆಜಿ 700 ಗ್ರಾಂ ತೋರಿಸಿತು. ನನ್ನ ಮೈತೂಕದ ಶೇಕಡಾ 30ಕ್ಕೂ ಮಿಗಿಲು! ವಿವರ ಹೀಗಿದೆ: ಬೆನ್ನುಚೀಲವೇ 2.4 ಕೆಜಿ, ಟೆಂಟ್ 3.2, ಸ್ಲೀಪಿಂಗ್ ಬ್ಯಾಗ್ 2.1, ಮ್ಯಾಟ್ ಅರ್ಧ ಕೆಜಿ, ಬಟ್ಟೆಬರೆ 4.1, ನೀರು ತುಂಬಿದ ಎರಡು ಸ್ಟೀಲ್ ಬಾಟಲಿಗಳು 2.7, ತಿಂಡಿ 2.4, ಪವರ್ ಬ್ಯಾಂಕ್, ಟಾರ್ಚ್, ಕ್ಯಾಮೆರಾ, ಔಷಧಿ ಎಲ್ಲ ಸೇರಿ 1.3. ನಮ್ಮ ಸಂಸ್ಕೃತ ಮೇಷ್ಟ್ರ ಚೀಲದಲ್ಲಿ ಇವುಗಳ ಜೊತೆಗೆ ಒಂದು ಹಿತ್ತಾಳೆ ಚೊಂಬೂ ಇದೆ.

ಹಗುರವಾದ ಸಾಮಾನುಗಳ ಬೆಲೆಯನ್ನು ಅಂತರಜಾಲದಲ್ಲಿ ನೋಡಿದರೆ ಒಂದು ತಿಂಗಳ ಸಂಬಳ ಅಲ್ಲಿಗೇ ಹೋಗುವಂತಿದೆ. ಹೆಚ್ಚು ಖರ್ಚಿಲ್ಲದೆ ಈ ಹೊರೆಯನ್ನು 10 ಕೆಜಿಯ ಒಳಗೆ ತರುವುದು ಸಾಧ್ಯವೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಕೋಟೆ ಕೆಳಗಿನವರು, ಚಿತ್ರದುರ್ಗ

ಮೇಷ್ಟ್ರೇ, ಸಾಧ್ಯವಿದೆ. ಅದಕ್ಕೆ ಮೊದಲು ಕೊಳ್ಳಬೇಕಾದದ್ದು ಹೊಸ ಚೀಲವನ್ನಲ್ಲ, ಅಡುಗೆಮನೆಯ ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿಯನ್ನು. ಮಂಡಿಯ ತಕ್ಕಡಿ ಒಟ್ಟು ಹೊರೆಯನ್ನು ಹೇಳುತ್ತದೆ. ಸೋಪಿನ ಡಬ್ಬಿ ಎಷ್ಟು ತೂಗುತ್ತದೆ ಎಂದು ಹೇಳುವುದಿಲ್ಲ. ಒಂದೊಂದು ವಸ್ತುವನ್ನೂ ಬೇರೆಬೇರೆಯಾಗಿ ತೂಗಿ, ನಿಮ್ಮ ಅಂಕಪಟ್ಟಿಯಂತೆಯೇ ಒಂದು ಪಟ್ಟಿ ಮಾಡಿ.

ಹಗುರ ಹೊರೆಯ ಚಾರಣಿಗರು ಆಹಾರ, ನೀರು, ಇಂಧನಗಳನ್ನು ಬಿಟ್ಟು ಉಳಿದದ್ದರ ತೂಕವನ್ನು ಬೇಸ್ ವೇಟ್ ಎಂದು ಕರೆಯುತ್ತಾರೆ. ಅದು 9 ಕೆಜಿಯ ಒಳಗಿದ್ದರೆ ಹಗುರ, ನಾಲ್ಕೂವರೆ ಕೆಜಿಯ ಒಳಗಿದ್ದರೆ ಅತಿಹಗುರ ಎಂಬುದು ಅವರ ಲೆಕ್ಕ. ಅಮೆರಿಕದಲ್ಲಿ 10 ಪೌಂಡ್, 20 ಪೌಂಡ್ ಎಂದು ಹುಟ್ಟಿಕೊಂಡ ಗಡಿಗಳು ಇವು. ನಿಮ್ಮ ಪಟ್ಟಿಯಲ್ಲಿ ತಿಂಡಿಯ 2.4 ಮತ್ತು ನೀರಿನ 2 ಕೆಜಿಯನ್ನು ಕಳೆದರೆ ಉಳಿಯುವುದು 14.3 ಕೆಜಿ. ಅತಿಹಗುರದ ಗೋಜಿಗೆ ನೀವು ಹೋಗಬೇಕಾಗಿಲ್ಲ, ಏಳರ ಹತ್ತಿರಕ್ಕೆ ಬಂದರೆ ಸಾಕು.

ಟೆಂಟನ್ನು ಇವತ್ತೇ ಚೀಲದಿಂದ ಹೊರಗಿಡಿ. ನಾನು ಆ ಹಾದಿಯಲ್ಲಿ ಒಮ್ಮೆ ನಡೆದಿದ್ದೇನೆ. ತುಮ್‌ಲಿಂಗ್, ಕಾಲಿಪೋಖ್ರಿ, ಸಂದಕ್‌ಫು, ಫಾಲುಟ್, ಗೋರ್ಖೆ, ಹೀಗೆ ಪ್ರತಿ ತಂಗುದಾಣದಲ್ಲೂ ವಸತಿಗೃಹವೋ ಚಾರಣಿಗರ ಕೊಠಡಿಯೋ ಇರುತ್ತದೆ, ಬಿಸಿ ಊಟ ಸಿಗುತ್ತದೆ. ನಿಮ್ಮ ಕೊಟ್ಟೂರು ಪಾದಯಾತ್ರೆಯನ್ನೇ ನೆನಪು ಮಾಡಿಕೊಳ್ಳಿ. ಅಲ್ಲಿ ಟವೆಲಿನಲ್ಲೇ ನೀವು ನಡೆದದ್ದು ದಾರಿಯುದ್ದಕ್ಕೂ ಭಕ್ತರು ಊಟ, ಮಜ್ಜಿಗೆ, ಮಲಗಲು ಜಾಗ ಕೊಟ್ಟದ್ದರಿಂದ. ದಾರಿ ಕೊಡುವುದನ್ನು ಬೆನ್ನು ಹೊರಬೇಕಾಗಿಲ್ಲ. ಸಂದಕ್‌ಫು ಹಾದಿ ಉಚಿತವಾಗಿಯಲ್ಲದಿದ್ದರೂ ಬಹುಪಾಲನ್ನು ಕೊಡುತ್ತದೆ. ಟೆಂಟ್ ಹೋದರೆ ಮ್ಯಾಟೂ ಹೋಗುತ್ತದೆ. ಅಲ್ಲಿಗೆ 3 ಕೆಜಿ 700 ಗ್ರಾಂ ಕಡಿಮೆಯಾಯಿತು, ಒಂದು ರೂಪಾಯಿ ಖರ್ಚಿಲ್ಲದೆ.

ಸ್ಲೀಪಿಂಗ್ ಬ್ಯಾಗಿನ ಮಾತು ಬೇರೆ. ವಸತಿಗೃಹದವರು ದಪ್ಪ ರಜಾಯಿ ಕೊಡುತ್ತಾರೆ ಎಂಬುದು ನಿಜ, ಆದರೆ ನೀವು ಹೋಗುತ್ತಿರುವುದು ಬಂಗಾಳಿಗಳ ದುರ್ಗಾಪೂಜೆಯ ರಜೆಯ ಹೊತ್ತಿಗೆ. ಆಗ ಕೊಲ್ಕತ್ತಾದ ಅರ್ಧದಷ್ಟು ಜನ ಅಲ್ಲೇ ಇರುತ್ತಾರೇನೋ ಎನ್ನಿಸುವಷ್ಟು ನೂಕುನುಗ್ಗಲು. ಕೊಠಡಿಗಳನ್ನು ಮುಂಚಿತವಾಗಿ ಕಾಯ್ದಿರಿಸಿ. ರಜಾಯಿ ಸಾಲದೆ ಬಂದೀತೆಂದು ಒಂದು ಹಗುರ ಚೀಲವನ್ನೂ ಒಯ್ಯಿರಿ. ನಿಮ್ಮದು 2.1 ಕೆಜಿ ಇರುವುದನ್ನು ನೋಡಿದರೆ ಪಾಲಿಯೆಸ್ಟರ್ ಹತ್ತಿ ತುಂಬಿದ್ದಿರಬೇಕು. ಬಾತುಕೋಳಿಯ ನವಿರು ಪುಕ್ಕ ತುಂಬಿದ ಡೌನ್ ಚೀಲ ಅದೇ ಬೆಚ್ಚನೆಯನ್ನು ಅರ್ಧ ತೂಕದಲ್ಲಿ ಕೊಡುತ್ತದೆ, ಆದರೆ ಒದ್ದೆಯಾದರೆ ಪುಕ್ಕ ಮುದ್ದೆಯಾಗಿ ಬೆಚ್ಚನೆಯೇ ಹೋಗುತ್ತದೆ. ಕೊಳ್ಳುವವರು ಅದರ ಮೇಲೆ ಅಚ್ಚಾಗಿರುವ ಎರಡು ಉಷ್ಣತೆಗಳಲ್ಲಿ ‘ಕಂಫರ್ಟ್’ ಎಂಬುದನ್ನು ನೋಡಬೇಕು. ‘ಲಿಮಿಟ್’ ಎಂಬ ಇನ್ನೊಂದು ಅಂಕೆ ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವವನ ಅಂಕೆ, ಮಾರುವವರು ದೊಡ್ಡದಾಗಿ ತೋರಿಸುವುದು ಅದನ್ನೇ. ನನ್ನ ಬಳಿ 1 ಕೆಜಿ 100 ಗ್ರಾಂ ತೂಗುವ ಡೌನ್ ಚೀಲವಿದೆ. ದುರ್ಗಕ್ಕೆ ಬಂದಾಗ ತೆಗೆದುಕೊಂಡು ಹೋಗಿ, ಒಣಗಿಸಿ ಹಿಂದಿರುಗಿಸಿದರೆ ಸಾಕು.

ನೀರಿಗೆ ಸ್ಟೀಲ್ ಬಾಟಲಿ ಬೇಡವೇ ಬೇಡ. ನಿಮ್ಮ ಲೆಕ್ಕದ ಪ್ರಕಾರವೇ ಖಾಲಿ ಬಾಟಲಿ ತಲಾ 350 ಗ್ರಾಂ ತೂಗುತ್ತದೆ. ಅಂಗಡಿಯಲ್ಲಿ ನೀರು ತುಂಬಿ ಮಾರುವ ಪ್ಲಾಸ್ಟಿಕ್ ಬಾಟಲಿ 25 ಗ್ರಾಮಿನ ಆಸುಪಾಸು. ಚಹಾದಂಗಡಿಗಳಿರುವ ಕಡೆ ಒಂದೂವರೆ ಲೀಟರ್ ಹೊತ್ತರೆ ಸಾಕು. ಸಂದಕ್‌ಫುವಿನಿಂದ ಫಾಲುಟ್‌ವರೆಗಿನ ಸುಮಾರು 21 ಕಿಲೋಮೀಟರ್ ಏಣು ಹಾದಿಯಲ್ಲಿ ಮಾತ್ರ ಅಂಗಡಿಯೂ ವಿರಳ, ನೀರೂ ವಿರಳ. ಆ ಒಂದು ದಿನ ಎರಡು ಲೀಟರಿಗಿಂತ ಕಡಿಮೆ ಬೇಡ.

ಬಟ್ಟೆಯ 4.1 ಕೆಜಿಯಲ್ಲಿ ಜೀನ್ಸ್ ಪ್ಯಾಂಟು ಇದ್ದೇ ಇರುತ್ತದೆ ಎಂದು ಊಹಿಸುತ್ತೇನೆ. ಅದನ್ನು ತೆಗೆಯಿರಿ. ಹತ್ತಿ ಬಟ್ಟೆ ಬೆವರನ್ನು ಕುಡಿದು ಒಣಗದೆ ಮೈಯನ್ನು ತಣ್ಣಗಾಗಿಸುತ್ತದೆ. ನಡೆಯಲು ಒಂದು ಜೊತೆ, ಮಲಗಲು ಒಂದು ಜೊತೆ, ಮೇಲೆ ಒಂದು ಉಣ್ಣೆಯದು, ಒಂದು ಗಾಳಿ ತಡೆಯುವಂಥದ್ದು. ಆರು ದಿನ ಯಾರೂ ನಿಮ್ಮ ಅಂಗಿಯನ್ನು ಎಣಿಸುವುದಿಲ್ಲ.

ವಿಮಾನದಲ್ಲಿ ಬಾಗ್‌ಡೋಗ್ರಾಕ್ಕೆ ಹೋಗುವುದಾದರೆ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು. 20,000 ಎಂಎಎಚ್‌ನದ್ದು ಸುಮಾರು 400 ಗ್ರಾಂ ತೂಗುತ್ತದೆ. ನಿಮಗೆ 10,000 ಸಾಕು. ಚಳಿಯಲ್ಲಿ ಬ್ಯಾಟರಿ ಬೇಗ ಬತ್ತುವುದರಿಂದ ರಾತ್ರಿ ಫೋನನ್ನೂ ಅದನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲ ಬಳಿ ಹಾಕಿಕೊಂಡು ಮಲಗಿ.

ಕುರಿಹಟ್ಟಿ, ಚಳ್ಳಕೆರೆ

ಹಗುರ ಹೊರೆ ಎಂಬುದು ಅಮೆರಿಕದಿಂದ ಬಂದ ವಿದ್ಯೆ ಎಂಬಂತೆ ಮಾತು ಸಾಗುತ್ತಿರುವುದರಿಂದ ಬರೆಯುತ್ತಿದ್ದೇನೆ. ನಮ್ಮ ತಾತ ಸುಗ್ಗಿ ಮುಗಿದ ಮೇಲೆ ಕುರಿಮಂದೆಯನ್ನು ಹೊಡೆದುಕೊಂಡು ಗದ್ದೆ ಬಯಲಿನ ಕಡೆಗೆ ತಿಂಗಳುಗಟ್ಟಲೆ ನಡೆಯುತ್ತಿದ್ದರು. ಪಾತ್ರೆಪಡಗ, ಬಲೆ, ಹುಟ್ಟಿದ ಮರಿ ಎಲ್ಲ ಕತ್ತೆಯ ಮೇಲೆ. ಅವರ ಮೈಮೇಲೆ ಇರುತ್ತಿದ್ದದ್ದು ಕಂಬಳಿ, ಕೋಲು, ಬುತ್ತಿಯ ಗಂಟು. ಆ ಒಂದೇ ಕಂಬಳಿ ಮಳೆಗೆ ಕೊಪ್ಪೆ, ರಾತ್ರಿಗೆ ಹಾಸಿಗೆ, ಹಗಲಿಗೆ ನೆರಳು, ಸೊಪ್ಪು ಕಟ್ಟಲು ಗಂಟು. ಒಂದು ವಸ್ತುವಿನಿಂದ ನಾಲ್ಕು ಕೆಲಸ ತೆಗೆಯುವುದು ಹೇಗೆಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಹಾಗೆಂದು ಮೇಷ್ಟ್ರು ಕಂಬಳಿ ಹೊತ್ತು ಹೋಗಲಿ ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿರುವ ಚಳ್ಳಕೆರೆಯ ಕಂಬಳಿಯನ್ನು ಈಗಷ್ಟೇ ತೂಗಿ ನೋಡಿದೆ, 2 ಕೆಜಿ 300 ಗ್ರಾಂ ಇದೆ. ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುವ ಗುಣ ಅದಕ್ಕಿದೆ, ಆದರೆ ನೀರು ಕುಡಿದ ಕಂಬಳಿಯನ್ನು ಏಣು ಹತ್ತಿಸಲು ತಾತನ ಹೆಗಲೇ ಬೇಕು.

ನನ್ನ ಮುಖ್ಯ ಮಾತು ಬುತ್ತಿಯದು. ಊಟ ದಾರಿಯಲ್ಲಿ ಸಿಗುವಾಗ 2.4 ಕೆಜಿ ತಿಂಡಿ ಯಾಕೆ? ಹೊರುವುದಾದರೆ ತೂಕಕ್ಕೆ ತಕ್ಕ ಕಸುವು ಇರುವುದನ್ನು ಹೊರಬೇಕು. ನೂರು ಗ್ರಾಂ ಶೇಂಗಾ ಬೀಜದಲ್ಲಿ ಸುಮಾರು 560 ಕಿಲೋಕ್ಯಾಲರಿ ಇರುತ್ತದೆ, ಅಷ್ಟೇ ಅವಲಕ್ಕಿಯಲ್ಲಿ 350ರ ಹತ್ತಿರ. ಎಣ್ಣೆಯ ಅಂಶ ಹೆಚ್ಚಿದ್ದಷ್ಟೂ ಒಂದು ಗ್ರಾಮಿನ ಬೆಲೆ ಹೆಚ್ಚು. ದಾವಣಗೆರೆಯವರು ಮಂಡಕ್ಕಿಯನ್ನು ಬಿಡಲಾರರು ಎಂಬುದು ಗೊತ್ತಿದೆ, ಆದರೆ ಅದು ತಕ್ಕಡಿಯಲ್ಲಿ ಹಗುರವಾಗಿದ್ದರೂ ಚೀಲದಲ್ಲಿ ಜಾಗವನ್ನೆಲ್ಲ ತಿಂದುಹಾಕುತ್ತದೆ. ಶೇಂಗಾ ಚಿಕ್ಕಿ ಅರ್ಧ ಕೆಜಿ, ಬೆಲ್ಲ ಬೆರೆಸಿದ ರಾಗಿ ಹುರಿಹಿಟ್ಟು ಕಾಲು ಕೆಜಿ, ಒಂದು ಚಿಕ್ಕ ಪೊಟ್ಟಣದಲ್ಲಿ ಶೇಂಗಾ ಚಟ್ನಿಪುಡಿ, ಇಷ್ಟಿದ್ದರೆ ಆಯಿತು. ಹುರಿಹಿಟ್ಟಿಗೆ ಒಲೆ ಬೇಕಾಗಿಲ್ಲ, ಬಿಸಿನೀರು ಬೆರೆಸಿ ಕಲಸಿಕೊಂಡರೆ ಮುಗಿಯಿತು. ಚಟ್ನಿಪುಡಿ ಏಕೆಂದರೆ, ಮೂರನೆಯ ದಿನದ ಹೊತ್ತಿಗೆ ಅಲ್ಲಿನ ಸಪ್ಪೆ ಅನ್ನ, ಬೇಳೆ, ಆಲೂಗಡ್ಡೆ ನಾಲಿಗೆಗೆ ಬೇಡವಾಗುತ್ತದೆ, ಊಟ ಬಿಟ್ಟವನು ಮರುದಿನ ಏಣು ಹತ್ತಲಾರ.

ಹೊಲಿಗೆ ಯಂತ್ರ, ದಾವಣಗೆರೆ

ನಮ್ಮ ತಂದೆಯವರು ಇಲ್ಲಿನ ಹತ್ತಿ ಗಿರಣಿಯಲ್ಲಿದ್ದವರು. ಗಿರಣಿ ಹೋಯಿತು, ಬಟ್ಟೆಯ ಹುಚ್ಚು ಮನೆಯಲ್ಲೇ ಉಳಿಯಿತು. ನಾನು ಚಾರಣದ ಸಾಮಾನುಗಳನ್ನು ಹೊಲಿದುಕೊಳ್ಳುವವನಾದ್ದರಿಂದ ಚೀಲದ ವಿಷಯವನ್ನು ಮಾತ್ರ ಹೇಳುತ್ತೇನೆ.

1955ರಲ್ಲಿ ಎಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಅಮೆರಿಕದ ಅಪಲೇಚಿಯನ್ ಟ್ರೇಲನ್ನು, ಅಂದರೆ ಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾದ ಬೆಟ್ಟದ ಹಾದಿಯನ್ನು, ಒಬ್ಬರೇ ನಡೆದು ಮುಗಿಸಿದರು. ಟೆಂಟಿಲ್ಲ, ಸ್ಲೀಪಿಂಗ್ ಬ್ಯಾಗಿಲ್ಲ. ಡೆನಿಮ್ ಬಟ್ಟೆಯಲ್ಲಿ ತಾವೇ ಹೊಲಿದುಕೊಂಡ ಜೋಳಿಗೆ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ, ಕಾಲಿಗೆ ಕ್ಯಾನ್ವಾಸ್ ಶೂ. ಈಗಿನ 2.4 ಕೆಜಿಯ ಖಾಲಿ ಚೀಲಗಳನ್ನು ಕಂಡಾಗಲೆಲ್ಲ ನನಗೆ ಅವರ ಜೋಳಿಗೆ ನೆನಪಾಗುತ್ತದೆ.

ಮೇಷ್ಟ್ರೇ, ಹೊಸ ಚೀಲ ಕೊಳ್ಳಬೇಡಿ, ಇರುವುದನ್ನೇ ನನ್ನಲ್ಲಿಗೆ ತನ್ನಿ. ಬಹುತೇಕ ದೊಡ್ಡ ಚೀಲಗಳ ತಲೆಯ ಮುಚ್ಚಳವನ್ನು ಕೊಕ್ಕೆಯಿಂದ ಬಿಡಿಸಬಹುದು. ಬೆನ್ನಿನ ಭಾಗದಲ್ಲಿ ತೂರಿಸಿರುವ ಅಲ್ಯೂಮಿನಿಯಂ ಪಟ್ಟಿ 15 ಕೆಜಿ ಹೊರುವವರಿಗೆ ಬೇಕು, ಒಂಬತ್ತು ಕೆಜಿಗೆ ಅಗತ್ಯವಿಲ್ಲ. ಉದ್ದುದ್ದ ತೂಗಾಡುವ ಪಟ್ಟಿಗಳನ್ನು ಅಳತೆಗೆ ಕತ್ತರಿಸಿ, ತುದಿಯನ್ನು ಮೇಣದಬತ್ತಿಯಲ್ಲಿ ಸುಟ್ಟು ಒತ್ತಿದರೆ ಎಳೆ ಬಿಚ್ಚುವುದಿಲ್ಲ. ಸೊಂಟದ ಪಟ್ಟಿಯನ್ನು ಮಾತ್ರ ಮುಟ್ಟಕೂಡದು, ಹೆಗಲ ಭಾರವನ್ನು ಸೊಂಟಕ್ಕೆ ಇಳಿಸುವುದು ಅದೇ.

ಚೀಲದ ಮೇಲೆ ಹೊದಿಸುವ ಮಳೆಗವಸನ್ನು ನಂಬಬೇಡಿ. ಗಾಳಿ ಅದನ್ನು ಹಾಯಿಯಂತೆ ಎತ್ತುತ್ತದೆ, ನೀರು ಬೆನ್ನಿನ ಕಡೆಯಿಂದ ಇಳಿದು ಒಳಗೆ ಸೇರುತ್ತದೆ. ಅದರ ಬದಲು ದಪ್ಪ ಪಾಲಿಥಿನ್ ಚೀಲವೊಂದನ್ನು ಒಳಗೆ ಅಸ್ತರಿನಂತೆ ಇಟ್ಟು, ಅದರೊಳಗೆ ಡೌನ್ ಚೀಲವನ್ನೂ ಒಣಬಟ್ಟೆಯನ್ನೂ ತುಂಬಿ, ಬಾಯಿಯನ್ನು ತಿರುಚಿ ಕಟ್ಟಿ. ಮಂಡಿಪೇಟೆಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುತ್ತದೆ, ಐವತ್ತು ಗ್ರಾಂ ತೂಗುತ್ತದೆ.

ಮುಂದೆ ಎಂದಾದರೂ ಟೆಂಟ್ ಬೇಕಾಗುವ ಹಾದಿಗೆ ಹೋಗುವ ಮನಸ್ಸಾದರೆ ಆಗ ಹೇಳಿ. ಸಿಲಿಕೋನ್ ಲೇಪಿಸಿದ ನೈಲಾನಿನಲ್ಲಿ ಮೂರು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಚಪ್ಪರ ಹೊಲಿದರೆ ಹಗ್ಗವೂ ಸೇರಿ ಅರ್ಧ ಕೆಜಿ ದಾಟುವುದಿಲ್ಲ. ಕಂಬದ ಬದಲು ಊರುಗೋಲುಗಳೇ ಸಾಕು. ನೂಲು ಪಾಲಿಯೆಸ್ಟರಿನದ್ದಿರಬೇಕು, ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಯಬೇಕು, ಸೂಜಿ ಚುಚ್ಚಿದ ರಂಧ್ರಗಳಿಗೆ ಸಿಲಿಕೋನ್ ಅಂಟನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಬ್ರಷ್ಷಿನಿಂದ ಹಚ್ಚಬೇಕು. ನಾನು ಮೊದಲನೆಯದಕ್ಕೆ ಬೇರೆ ಅಂಟು ಹಚ್ಚಿದ್ದೆ. ಸಿಲಿಕೋನ್ ಬಟ್ಟೆಗೆ ಸಿಲಿಕೋನ್ ಬಿಟ್ಟು ಬೇರೇನೂ ಹಿಡಿಯುವುದಿಲ್ಲ ಎಂಬುದು ಕೊಡಚಾದ್ರಿಯ ತಪ್ಪಲಿನ ತೋಟವೊಂದರಲ್ಲಿ, ನಡುರಾತ್ರಿ, ಹನಿ ನೇರವಾಗಿ ಕಿವಿಯೊಳಗೆ ಬಿದ್ದಾಗ ತಿಳಿಯಿತು.

ದುರ್ಗದ ನರ್ಸಮ್ಮ

ಮೇಲಿನ ಮಾತುಗಳೆಲ್ಲ ಸರಿಯೇ. ಆದರೆ ತಕ್ಕಡಿಯ ಗೀಳು ಹತ್ತಿದವರು ಎಲ್ಲಿ ಎಡವುತ್ತಾರೆ ಎಂಬುದನ್ನು ಹೇಳಲೇಬೇಕು, ಏಕೆಂದರೆ ನಾನು ಎಡವಿದವಳು.

ಕೆಲವು ವರ್ಷಗಳ ಹಿಂದೆ ಹಿಮಾಚಲದ ಹಂಪ್ತಾ ಪಾಸಿಗೆ ಹೋಗುವಾಗ, 250 ಗ್ರಾಂ ಉಳಿಯುತ್ತದೆಂದು ಮಳೆಯ ಪ್ಯಾಂಟನ್ನು ಮನೆಯಲ್ಲೇ ಬಿಟ್ಟೆ. ಬಾಲೂ ಕಾ ಘೇರಾ ಶಿಬಿರ ಇನ್ನೂ ಒಂದು ಗಂಟೆಯ ದೂರವಿರುವಾಗ ಆಲಿಕಲ್ಲು ಮಳೆ ಹಿಡಿಯಿತು. ಸೊಂಟದಿಂದ ಕೆಳಗೆ ತೊಯ್ದ ಬಟ್ಟೆ, ಮೇಲೆ ಗಾಳಿ. ಶಿಬಿರ ತಲುಪಿ ಜಾಕೆಟ್ಟಿನ ಜಿಪ್ ತೆಗೆಯಲು ಹೋದರೆ ಬೆರಳುಗಳು ಮಾತು ಕೇಳುತ್ತಿಲ್ಲ. ಹೆಸರು ಕೇಳಿದವರಿಗೆ ತೊದಲುತ್ತ ಉತ್ತರಿಸಿದೆ. ಮೈಯ ಬಿಸಿ ಇಳಿಯುತ್ತಿರುವ ಲಕ್ಷಣವೆಂದು ಆಸ್ಪತ್ರೆಯಲ್ಲಾಗಿದ್ದರೆ ನಾನೇ ಹೇಳುತ್ತಿದ್ದೆ, ಆದರೆ ಅಲ್ಲಿ ನನಗದು ಹೊಳೆಯಲೇ ಇಲ್ಲ. ಜೊತೆಗಿದ್ದ ಗೈಡ್ ಒದ್ದೆ ಬಟ್ಟೆ ಬಿಚ್ಚಿಸಿ, ಸ್ಲೀಪಿಂಗ್ ಬ್ಯಾಗಿನೊಳಗೆ ಹೊಗಿಸಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಡಿಸಿದರು.

ಆದ್ದರಿಂದ ಜೋಡಿಜೋಡಿಯಾಗಿ ಇಟ್ಟುಕೊಂಡಿರುವುದನ್ನು ಬಿಡಿ, ಆಸೆಗೆ ಇಟ್ಟುಕೊಂಡಿರುವುದನ್ನು ಬಿಡಿ. ಮಳೆಯ ಅಂಗಿ ಮತ್ತು ಪ್ಯಾಂಟು, ಮಲಗುವ ಒಣ ಬಟ್ಟೆ, ತಲೆಗೆ ಕಟ್ಟುವ ಟಾರ್ಚು, ಔಷಧಿ, ಇವುಗಳಿಗೆ ಕೈಹಚ್ಚಬೇಡಿ. ಅಕ್ಟೋಬರಿನ ಮೊದಲ ವಾರಗಳಲ್ಲಿ ಅಲ್ಲಿ ಮಳೆ ಪೂರ್ತಿ ಹಿಂದೆ ಸರಿದಿರುತ್ತದೆಂದು ನಂಬುವಂತಿಲ್ಲ.

ಇನ್ನೊಂದು ವಿಷಯ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಸಂದಕ್‌ಫು 3,636 ಮೀಟರ್. ಜೋಗಿಮಟ್ಟಿಯನ್ನು ನೂರು ಸಲ ಹತ್ತಿದರೂ ಕಾಲು ಗಟ್ಟಿಯಾಗುತ್ತದೆಯೇ ಹೊರತು ರಕ್ತಕ್ಕೆ ಆ ತೆಳುಗಾಳಿಯ ರೂಢಿ ಆಗುವುದಿಲ್ಲ. ಮೂರು ಸಾವಿರ ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ತುಮ್‌ಲಿಂಗ್ ಮತ್ತು ಕಾಲಿಪೋಖ್ರಿಯಲ್ಲಿ ಒಂದೊಂದು ರಾತ್ರಿ ತಂಗಿ ಹೋದರೆ ಆ ಲೆಕ್ಕಕ್ಕೆ ಸರಿಹೊಂದುತ್ತದೆ. ಮಾನೇಭಂಜನ್‌ನಿಂದ ಹಳೆಯ ಲ್ಯಾಂಡ್‌ರೋವರ್ ಹತ್ತಿ ಒಂದೇ ದಿನಕ್ಕೆ ಮೇಲೇರುವವರನ್ನು ನೋಡಿ ಆಸೆಪಡಬೇಡಿ. ತಲೆನೋವಿನ ಜೊತೆ ವಾಕರಿಕೆ ಶುರುವಾದರೆ ಮುಂದೆ ಹೋಗಕೂಡದು, ಕಡಿಮೆಯಾಗದಿದ್ದರೆ ಇಳಿಯಬೇಕು. ಎತ್ತರದ ತೊಂದರೆಗೆಂದು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಮೊಣಕಾಲಿಗೆ ಎರಡು ಊರುಗೋಲು ಕೊಳ್ಳಿ. ನೀವು ಖರ್ಚು ಮಾಡಲೇಬೇಕಾದದ್ದು ಅದೊಂದಕ್ಕೆ. ಇಳಿಜಾರಿನಲ್ಲಿ ಅವುಗಳನ್ನು ಒಂದಿಷ್ಟು ಉದ್ದ ಮಾಡಿಕೊಳ್ಳಬೇಕು.

ಗಣಿತ ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ.

ಹೊಲಿಗೆಯವರ ಮನೆಗೆ ಹೋಗಿದ್ದೆ. ಮುಚ್ಚಳ 240 ಗ್ರಾಂ, ಅಲ್ಯೂಮಿನಿಯಂ ಪಟ್ಟಿ 150, ಕತ್ತರಿಸಿದ ಪಟ್ಟಿ ಮತ್ತು ಬಕಲ್‌ಗಳು 90, ಮಳೆಗವಸು 70, ಹೀಗೆ ಚೀಲ 2.4ರಿಂದ 1.85 ಕೆಜಿಗೆ ಇಳಿಯಿತು. ಡೌನ್ ಚೀಲ 1.1, ಮಳೆಯ ಪ್ಯಾಂಟೂ ಸೇರಿ ಬಟ್ಟೆ 2.7, ನೀರು ಬಾಟಲಿಸಹಿತ 1.55, ಚಳ್ಳಕೆರೆಯವರು ಹೇಳಿದ ಬುತ್ತಿ 0.8, ಕ್ಯಾಮೆರಾ ಬಿಟ್ಟು ಉಳಿದ ವಿದ್ಯುತ್ ಸಾಮಾನು 0.7, ಔಷಧಿ 200 ಗ್ರಾಂ, ಒಳಗಿನ ಪಾಲಿಥಿನ್ 50 ಗ್ರಾಂ. ಒಟ್ಟು 8 ಕೆಜಿ 950 ಗ್ರಾಂ, ಮೈತೂಕದ ಶೇಕಡಾ 15ಕ್ಕೂ ಕಡಿಮೆ. ಜೀನ್ಸಿನ ಊಹೆ ನಿಜವಾಗಿತ್ತು; ಒಂದಲ್ಲ, ಎರಡಿದ್ದವು.

ಊರುಗೋಲು ಹಿಡಿದು ಮೊನ್ನೆ ಮತ್ತೆ ಜೋಗಿಮಟ್ಟಿಗೆ ಹೋಗಿ ಬಂದೆವು. ಅದೇ ತಿರುವುಗಳು, ಮೊಣಕಾಲು ಸುಮ್ಮನಿತ್ತು, ಚಹಾ ಕುಡಿದವರು ಕೂಡಲೇ ಎದ್ದು ಹೊರಟೆವು. ಸಿಂಗಾಲಿಲಾ ರಾಷ್ಟ್ರೀಯ ಉದ್ಯಾನದೊಳಗೆ ಗೈಡ್ ಕಡ್ಡಾಯವೆಂದು ತಿಳಿದು ಅದಕ್ಕೂ ಮಾತಾಡಿದ್ದಾಗಿದೆ, ಕೊಠಡಿಗಳು ಫಾಲುಟ್ ಒಂದನ್ನು ಬಿಟ್ಟು ಎಲ್ಲ ಕಡೆ ಸಿಕ್ಕಿವೆ.

ಸಂಸ್ಕೃತ ಮೇಷ್ಟ್ರು ಹಿತ್ತಾಳೆ ಚೊಂಬನ್ನು ಬಿಡಲು ಒಪ್ಪಲಿಲ್ಲ. ನೀರು ಕುಡಿಯಲು, ಹುರಿಹಿಟ್ಟು ಕಲಸಲು, ಬೆಳಗಿನ ಕೆಲಸಕ್ಕೆ, ಹೀಗೆ ಒಂದರಿಂದ ಮೂರು ಕೆಲಸವಾಗುತ್ತದೆಂದು ಕುರಿಹಟ್ಟಿಯವರ ಮಾತನ್ನೇ ನನಗೆ ತಿರುಗಿಸಿ ಹೇಳಿದರು. 410 ಗ್ರಾಂ ಇದೆ. ಅದು ಅವರ ಚೀಲದಲ್ಲೇ ಇರತಕ್ಕದ್ದು, ಮತ್ತು ಅದರಲ್ಲಿ ಕಲಸಿದ ಹುರಿಹಿಟ್ಟನ್ನು ಅವರೊಬ್ಬರೇ ತಿನ್ನತಕ್ಕದ್ದು ಎಂದು ಉಳಿದ ಇಬ್ಬರೂ ಸೇರಿ ನಿರ್ಣಯಿಸಿದ್ದೇವೆ.